ಅಪ್ಪನ ಕಾಲಿನ ಮೀನು

ನಮ್ಮ ಮನೆಯಲ್ಲಿ ಮನುಷ್ಯನಿಗೆ ಇದ್ದದ್ದು ನಾಲ್ಕೇ ಅಂಗ: ತಲೆ, ಕೈ, ಹೊಟ್ಟೆ, ಕಾಲು. ಸೃಷ್ಟಿಕರ್ತನು ಇದಕ್ಕಿಂತ ಧಾರಾಳವಾಗಿ ಕೊಟ್ಟಿದ್ದಾನೆಂಬುದು ಅಜ್ಜಿಗೆ ತಿಳಿಯದ ಸಂಗತಿಯೇನಲ್ಲ. ಆದರೆ ಕೊಟ್ಟದ್ದನ್ನೆಲ್ಲ ಹೆಸರು ಹಿಡಿದು ಕೂಗುವುದು ಅವಿವೇಕವೆಂದು ಅವಳ ಮತ. ಹೆಸರು ಕರೆದರೆ ನಾಯಿ ಓಡಿ ಬರುತ್ತದೆ, ಮಗು ಓಡಿ ಬರುತ್ತದೆ, ನೋವೂ ಹಾಗೆಯೇ ಓಡಿ ಬರುತ್ತದೆ. ಆದ್ದರಿಂದ ಯಾರಿಗೆ ಏನೇ ಆದರೂ ‘ಮೈಗೆ ಸಮ ಇಲ್ಲ’ ಎಂಬ ಒಂದು ವಾಕ್ಯಕ್ಕೆ ನಮ್ಮ ಮನೆಯ ವೈದ್ಯಶಾಸ್ತ್ರ ಮುಗಿಯುತ್ತಿತ್ತು. ಇದಕ್ಕಿಂತ ಬಿಗಿಯಾದ ಇನ್ನೊಂದು ಕಾಯಿದೆಯೂ ಇತ್ತು. ಬೇರೆಯವರ ಗಾಯವನ್ನೋ ಬಾವನ್ನೋ ವಿವರಿಸುವಾಗ ಅದನ್ನು ನಮ್ಮ ಮೈಮೇಲೆ ಮುಟ್ಟಿ ತೋರಿಸಕೂಡದು. ತೋರಿಸಿದರೆ ಅದು ಅಲ್ಲೇ ಬೇರು ಬಿಡುತ್ತದೆ. ಕೈತಪ್ಪಿ ತೋರಿಸಿಬಿಟ್ಟರೆ ತಕ್ಷಣ ಒಂದು ಕಲ್ಲನ್ನು ಮುಟ್ಟಿ ‘ಕಲ್ಲಿಗೆ ಹೋಗ್ಲಿ’ ಅನ್ನಬೇಕು. ಅಂಗಳದ ಮೂಲೆಯಲ್ಲಿ ಬಟ್ಟೆ ಒಗೆಯುವ ಕಲ್ಲೊಂದಿತ್ತು. ಊರವರ ಹಲ್ಲುನೋವು, ಕಣ್ಣುಬೇನೆ, ಕುರುಗಳನ್ನೆಲ್ಲ ಎರಡು ತಲೆಮಾರಿನಿಂದ ನುಂಗಿಕೊಂಡೂ ಆ ಕಲ್ಲು ನಮ್ಮೆಲ್ಲರಿಗಿಂತ ಆರೋಗ್ಯವಾಗಿತ್ತು.

ಈ ನಾಲ್ಕಂಗದ ಸಂವಿಧಾನಕ್ಕೆ ಒಂದೇ ಒಂದು ತಿದ್ದುಪಡಿ. ಅದು ಅಪ್ಪನ ಕಾಲಿಗೆ ಸಂಬಂಧಪಟ್ಟದ್ದು. ಬೇಲೆಕೇರಿಯಿಂದ ಸ್ವಲ್ಪ ಒಳಗೆ, ಅಂಕೋಲೆಯ ಕಡೆಗೆ ನಮ್ಮ ಮನೆ. ಮನೆಯ ಮುಂದೆ ಗಜನಿ. ಗಜನಿ ಎಂದರೆ ಸಿಹಿನೀರು ಉಪ್ಪುನೀರು ಎರಡೂ ತನ್ನದೆಂದು ಜಗಳವಾಡುವ ತಗ್ಗುಗದ್ದೆ. ಮಳೆಗಾಲದಲ್ಲಿ ಭತ್ತ ಗೆಲ್ಲುತ್ತದೆ, ಆಮೇಲೆ ಮೀನು ಗೆಲ್ಲುತ್ತದೆ. ಅಪ್ಪ ಅದರಲ್ಲಿ ಒಂದು ತುಂಡು ತನ್ನದನ್ನೂ ಉಳಿದ ದಿನ ಬೇರೆಯವರದನ್ನೂ ದುಡಿಯುತ್ತಿದ್ದ. ಸಂಜೆ ಮಿಂದು ಬಂದು ಜಗಲಿಯ ಮೇಲೆ ಚಾಪೆ ಹಾಕಿ ಬೋರಲಾಗಿ ಮಲಗುವನು. ಜಗಲಿಯ ತೊಲೆಯಿಂದ ನನ್ನ ತೊಟ್ಟಿಲು ತೂಗಿದ್ದ ಹಗ್ಗ ಹಾಗೇ ಇಳಿಬಿದ್ದಿತ್ತು. ತೊಟ್ಟಿಲು ಅತ್ತೆಯ ಮಗಳ ಮನೆಗೆ ಹೋಗಿತ್ತು, ಹಗ್ಗ ನನಗೆ ಉಳಿದಿತ್ತು. ನಾನು ಅದನ್ನು ಹಿಡಿದು ಅಪ್ಪನ ಕಾಲಿನ ಮೇಲೆ ಹತ್ತಿ ನಿಂತು ಹಿಮ್ಮಡಿಯಿಂದ ತೊಡೆಯ ತನಕ, ತೊಡೆಯಿಂದ ಹಿಮ್ಮಡಿಯ ತನಕ ತುಳಿಯಬೇಕು. ಇದು ಮನೆಯಲ್ಲಿ ನನಗಿದ್ದ ಏಕೈಕ ಹುದ್ದೆ. ಮೊಣಕಾಲಿನ ಕೆಳಗೆ, ಹಿಂಬದಿಗೆ ಉಬ್ಬಿನಿಂತ ಮಾಂಸದ ಮೇಲೆ ನನ್ನ ಅಂಗಾಲು ಬಂತೆಂದರೆ ಅಪ್ಪ ಬೇಕೆಂದೇ ಪಾದವನ್ನು ಸ್ವಲ್ಪ ಮಿಸುಕಿಸುತ್ತಿದ್ದ. ಮಾಂಸ ನನ್ನ ಕಾಲಡಿಯಿಂದ ನುಣುಚಿ ಆಚೆಗೆ ಜಾರುತ್ತಿತ್ತು.

"ಮೀನಖಂಡ ಅದು. ಮೆಲ್ಲಗೆ ಒತ್ತು ತಂಗಿ. ಗೊತ್ತಾದ್ರೆ ಓಡಿಹೋಗ್ತದೆ."

ತಂಗಿ ಎಂದರೆ ನಾನೇ, ನಮ್ಮ ಕಡೆ ಮಗಳನ್ನೂ ಹಾಗೇ ಕರೆಯುವುದು. ನಾನು ಇನ್ನೊಂದು ಕಾಲಿನಿಂದ ಅಡ್ಡಗಟ್ಟುತ್ತಿದ್ದೆ. ನೀರಿಳಿದ ಗಜನಿಯಲ್ಲಿ ನಮ್ಮವರು ಮೀನು ಹಿಡಿಯುವುದೂ ಹೀಗೆಯೇ. ಕೆಸರಲ್ಲಿ ಮೆಲ್ಲನೆ ಹೆಜ್ಜೆ ಇಡುತ್ತಾ ಹೋಗುವುದು, ಅಂಗಾಲಿನಡಿ ಏನೋ ಮಿಸುಕಿದರೆ ಅಲ್ಲೇ ಒತ್ತಿ ನಿಲ್ಲುವುದು, ಆಮೇಲೆ ಬಗ್ಗಿ ಕೈಹಾಕುವುದು. ಕೈಗೆ ಬಂದದ್ದು ಅಂಗೈಗಿಂತ ಸಣ್ಣದಾದರೆ ಬಿಟ್ಟುಬಿಡಬೇಕೆಂಬುದು ಅಜ್ಜಿಯ ಕಟ್ಟಪ್ಪಣೆ. ನಾನು ಆ ವಿದ್ಯೆಯನ್ನು ಗಜನಿಗೆ ಇಳಿಯುವ ಮೊದಲೇ ಅಪ್ಪನ ಕಾಲಿನ ಮೇಲೆ ಕಲಿತೆ. ಹಾಗಾಗಿ ಮನುಷ್ಯನ ಎರಡೂ ಕಾಲಲ್ಲಿ ಒಂದೊಂದು ಮೀನಿದೆ ಎಂಬುದು ನನಗೆ ಹೋಲಿಕೆಯಾಗಿರಲಿಲ್ಲ, ಅನುಭವವಾಗಿತ್ತು.

ಆ ಮೀನು ಅಲ್ಲಿಗೆ ಹೇಗೆ ಬಂತು ಎಂಬ ಬಗ್ಗೆ ಮನೆಯಲ್ಲಿ ಏಕಾಭಿಪ್ರಾಯ ಇರಲಿಲ್ಲ. ಅಜ್ಜಿಯ ಪ್ರಕಾರ ಮೊದಲು ಎಲ್ಲರೂ ಕಡಲಲ್ಲೇ ಇದ್ದವರು. ನಮ್ಮ ಹಿರಿಯರು ದಡ ಹತ್ತುವಾಗ ಎರಡು ಮೀನು ಬಿಡದೆ ಕಾಲು ಕಚ್ಚಿಕೊಂಡು ಬಂದವು. ಅದಕ್ಕೇ ದಣಿದ ಕಾಲನ್ನು ನೀರಲ್ಲಿ ಇಟ್ಟರೆ ಹಾಯೆನಿಸುವುದು. ಮೀನಿಗೆ ತವರಿನ ನೆನಪು. ಆಯಿ, ಅಂದರೆ ನನ್ನ ತಾಯಿ, ಕಾಳಿ ಹೊಳೆಯ ಆಚೆಯ ಚಿತ್ತಾಕುಲದವಳು. ಅವಳ ಬಾಯಿಯ ಮೊದಲ ಮಾತು ಕೊಂಕಣಿ. ಅವಳ ಊರಲ್ಲಿ ಅದೇ ಮಾಂಸಕ್ಕೆ ಪೋಟ್ರಿ ಅನ್ನುತ್ತಾರೆ. ಪೋಟ್ ಎಂದರೆ ಹೊಟ್ಟೆ. ರೊಟ್ಟಿ ತಟ್ಟುತ್ತಾ ಅವಳು ಒಮ್ಮೆ ತನ್ನ ಸಿದ್ಧಾಂತವನ್ನು ಮಂಡಿಸಿದಳು.

"ಮೀನೂ ಇಲ್ಲ ಗೀನೂ ಇಲ್ಲ. ಅದು ಕಾಲಿನ ಹೊಟ್ಟೆ. ದುಡಿವವ್ರಿಗೆ ಒಂದ್ ಹೊಟ್ಟೆಯಾದ್ರೆ ಸಾಲ್ತದ್ಯಾ? ಅದ್ಕೇ ದೇವ್ರು ಕಾಲಿಗೂ ಒಂದೊಂದು ಇಟ್ಟಾನೆ."

ಅಜ್ಜಿ ಒಲೆಯ ಮುಂದಿನಿಂದಲೇ ತೀರ್ಪು ಕೊಟ್ಟಳು.

"ಇರೂದೊಂದು ಹೊಟ್ಟೆಗೇ ಹಾಕುಕೆ ಇಲ್ಲ. ನಿನ್ನೂರಲ್ಲಿ ಮೂರು ಹೊಟ್ಟೆ ಇಟ್ಕಂಡು ಎಂತಾ ತಿಂತಿದ್ರೆ?"

ಅಪ್ಪ ಬಂಗಡೆಯ ಮುಳ್ಳು ಬಿಡಿಸುವುದರಲ್ಲಿ ಮಗ್ನನಾಗಿ ಎರಡೂ ಪಕ್ಷಗಳಿಂದ ಸಮಾನ ದೂರ ಕಾಯ್ದುಕೊಂಡ. ಅಡುಗೆಮನೆಯ ಹೊಸ್ತಿಲಿನ ಈಚೆಗೆ ಆಯಿಯ ಶಬ್ದಗಳಿಗೆ ಪ್ರವೇಶವಿರಲಿಲ್ಲ. ಪೋಟ್ರಿಯೂ ಅಲ್ಲೇ ಒಲೆಯ ಬೂದಿಯ ಹತ್ತಿರ ಉಳಿಯಿತು. ಮುಂದೆ ನಾನು ಕಾರವಾರದಲ್ಲಿ ವಿಜ್ಞಾನ ಕಲಿಸುವ ಅಕ್ಕೋರಾಗಿ, ಮೂವತ್ತು ವರ್ಷ ಗೋಡೆಗೆ ನೇತುಹಾಕಿದ ಸ್ನಾಯುಗಳ ಪಟದ ಮುಂದೆ ಕೋಲು ಹಿಡಿದು ನಿಂತೆ. ಅದರಲ್ಲಿ ಈ ಮಾಂಸಕ್ಕೆ ಗ್ಯಾಸ್ಟ್ರೋಕ್ನೀಮಿಯಸ್ ಎಂದು ಬರೆದಿತ್ತು. ಅದು ಗ್ರೀಕರ ಮಾತೆಂದೂ ಅರ್ಥ ‘ಕಾಲಿನ ಹೊಟ್ಟೆ’ ಎಂದೂ ಒಂದು ಮಧ್ಯಾಹ್ನ ಶಾಲೆಯ ಗ್ರಂಥಾಲಯದಲ್ಲಿ ತಿಳಿಯಿತು. ಹೆಬ್ಬೆಟ್ಟು ಒತ್ತುತ್ತಿದ್ದ ನನ್ನ ಆಯಿ ಗ್ರೀಕರ ಪಂಡಿತರೊಂದಿಗೆ ಸಂಪೂರ್ಣ ಸಹಮತ ಹೊಂದಿದ್ದಳು. ಆಗ ಅವಳು ಬದುಕಿರಲಿಲ್ಲ. ಗೆದ್ದ ಸುದ್ದಿ ಮುಟ್ಟಿಸಲು ವಿಳಾಸವಿರಲಿಲ್ಲ. ಅದೇ ದಿನ ಕನ್ನಡ ನಿಘಂಟನ್ನೂ ತೆರೆದೆ. ಮೀನಿನ ಆಕಾರದ ಮಾಂಸಖಂಡವಾದ್ದರಿಂದ ಮೀನಖಂಡ ಎಂಬಂತೆ ಅಲ್ಲಿತ್ತು. ಆಕಾರವಂತೆ. ಅದನ್ನು ಬರೆದ ಪುಣ್ಯಾತ್ಮರು ಯಾರ ಕಾಲನ್ನೂ ತುಳಿದವರಲ್ಲ.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದ ಮಳೆಗಾಲದಲ್ಲಿ ಗಜನಿಯ ಒಡ್ಡು ಒಡೆಯಿತು. ಒಡ್ಡು ಒಡೆದರೆ ಕಡಲ ನೀರು ನುಗ್ಗಿ ಎಳೆಯ ಭತ್ತವೆಲ್ಲ ಸುಟ್ಟುಹೋಗುತ್ತದೆ, ಆದ್ದರಿಂದ ಕೇರಿಯ ಗಂಡಸರೆಲ್ಲ ಇಳಿದರು. ಅಪ್ಪ ಎರಡು ದಿನ ಸೊಂಟದ ತನಕ ನೀರಲ್ಲಿ ನಿಂತು ಮಣ್ಣು, ಸೊಪ್ಪು, ಬಿದಿರು ಒತ್ತಿದ. ಒಡ್ಡಿನೊಳಗಿನ ಬಿಲಗಳಿಂದ ಇಲಿಗಳು ಸತ್ತೂ ಸಾಯದೆಯೂ ತೇಲಿ ಬಂದವು. ನಾವು ಮಕ್ಕಳು ದಡದಲ್ಲಿ ನಿಂತು ಎಣಿಸಿ ಖುಷಿಪಟ್ಟೆವು. ಒಡ್ಡು ನಿಂತಿತು, ಭತ್ತ ಉಳಿಯಿತು. ವಾರ ಕಳೆದ ಮೇಲೆ ಒಂದು ಸಂಜೆ ಅಪ್ಪ ಮೀಯದೆಯೇ ಬಂದು ಚಾಪೆಯ ಮೇಲೆ ಬೋರಲಾದ. ಚಳಿ ಅಂದ. ಹಿಂದಿನ ದಿನವಷ್ಟೇ ಅವನು, ತಂಗಿ ಈಗ ಭಾರ ಆಗ್ತಾ ಅದೆ, ಇನ್ನೊಂದು ವರ್ಷಕ್ಕೆ ಈ ಕೆಲಸದಿಂದ ತೆಗೀಬೇಕು ಎಂದು ಆಯಿಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಹುದ್ದೆ ಕಳೆದುಕೊಳ್ಳಲಿರುವ ನೌಕರನ ಹಟದಿಂದ ನಾನು ಅಂದು ಹಗ್ಗ ಹಿಡಿದು, ಜಗಲಿಯ ಕಟ್ಟೆಯಿಂದ ಜೋಲಿ ಹೊಡೆದು, ಎರಡೂ ಪಾದ ಊರಿ ಅವನ ಎರಡೂ ಮೀನಖಂಡದ ಮೇಲೆ ಇಳಿದೆ.

ಅಪ್ಪ ಕೂಗಿದ. ಹೆರಿಗೆಯ ಕೋಣೆಯಿಂದ ಹೊರಗೆ ಕೇಳಿಸುವಂಥ ಕೂಗು. ಅವನ ಕೈ ಹಿಂದಕ್ಕೆ ಬೀಸಿ ನನ್ನನ್ನು ತಳ್ಳಿತು, ನಾನು ಹಗ್ಗದಲ್ಲಿ ಜೋತು ಗಿರ್ರನೆ ಸುತ್ತಿದೆ. ಅಜ್ಜಿ ಓಡಿ ಬಂದು ಏನಾಯ್ತೆಂದು ಕೇಳಿದಾಗ ಅವನು ಕಂಬಳಿಯನ್ನು ಕಾಲಿನ ಮೇಲೆ ಎಳೆದುಕೊಂಡು, ಏನಿಲ್ಲ, ಮೈಗೆ ಸಮ ಇಲ್ಲ ಅಂದ. ನನ್ನ ಹೆಸರು ಹೇಳಲಿಲ್ಲ. ಅದು ನನ್ನನ್ನು ಕಾಪಾಡಲು ಹೇಳದೆ ಬಿಟ್ಟದ್ದು ಎಂದು ನಾನು ನಂಬಿದೆ, ಹಾಗೆ ನಂಬಿದ್ದರಿಂದ ಮುಂದಿನದೆಲ್ಲ ನನಗೆ ಸ್ಪಷ್ಟವಾಯಿತು: ಅಪ್ಪನ ಕಾಲಿನ ಎರಡೂ ಮೀನನ್ನು ನಾನು ತುಳಿದು ಕೊಂದಿದ್ದೇನೆ.

ಮರುದಿನ ಅಪ್ಪ ಏಳಲಿಲ್ಲ. ಅದರ ಮರುದಿನವೂ ಏಳಲಿಲ್ಲ. ಮೈ ಕಾದ ಬಾಣಲೆಯಾಗಿತ್ತು, ಕಣ್ಣು ಕೆಂಪಗೆ ಮಾರಿಯ ಕಣ್ಣಿನ ಹಾಗಿತ್ತು. ಅಜ್ಜಿ ಪಥ್ಯ ಸಾರಿದಳು. ಮನೆಗೆ ಮೀನು ಬರುವಂತಿಲ್ಲ, ಒಣಮೀನಿನ ಗಡಿಗೆಯನ್ನೂ ಹಿತ್ತಲ ಮಾಡಿಗೆ ಸಾಗಿಸಲಾಯಿತು. ಗಂಜಿ, ಉಪ್ಪು, ಯಾವುದೋ ಎಲೆಯ ಕಹಿರಸ. ಅಪ್ಪನನ್ನು ನಡುಮನೆಗೆ ತಂದು ಗೋಡೆಯ ಬದಿಗೆ ಮಲಗಿಸಿದರು. ಕಂಬಳಿಯೊಳಗೆ ಏನಿದೆಯೆಂದು ನೋಡುವ ಧೈರ್ಯ ದೊಡ್ಡವರಿಗೆ ಬರಲಿಲ್ಲ, ನೋಡಬೇಕೆಂದು ತೋಚಲೂ ಇಲ್ಲ. ಅವನು ಮೈಗೆ ಸಮ ಇಲ್ಲ ಅಂದಿದ್ದ, ಮೈಯೆಲ್ಲಕ್ಕೆ ಔಷಧ ನಡೆಯುತ್ತಿತ್ತು. ನಾನು ಮಾತ್ರ ದಿನಕ್ಕೆ ನಾಲ್ಕು ಸಲ, ಯಾರೂ ಇಲ್ಲದ ಹೊತ್ತು ನೋಡಿ, ಕಂಬಳಿಯ ಅಂಚಿಗೆ ಮೂಗು ಹಚ್ಚಿ ಅಪ್ಪನ ಕಾಲನ್ನು ಮೂಸುತ್ತಿದ್ದೆ. ಸತ್ತ ಮೀನು ಎಷ್ಟು ಹೊತ್ತಿಗೆ ನಾರಲು ತೊಡಗುತ್ತದೆ ಎಂಬುದನ್ನು ನಮ್ಮ ಕರಾವಳಿಯ ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. ನನ್ನ ಲೆಕ್ಕದ ಪ್ರಕಾರ ಸಮಯ ಮೀರಿತ್ತು. ವಾಸನೆ ಬರಲಿಲ್ಲವೆಂಬುದೇ ನನ್ನ ಏಕೈಕ ಆಸೆಯಾಗಿತ್ತು, ಆ ಆಸೆಯನ್ನು ನಾನು ಯಾರಲ್ಲೂ ಹೇಳುವ ಹಾಗಿರಲಿಲ್ಲ.

ನಾಲ್ಕನೆಯ ದಿನ ಕಣ್ಣಿನ ಕೆಂಪು ಹಳದಿಗೆ ತಿರುಗಿತು. ಕಾಮಣಿ ಎಂದು ಅಜ್ಜಿ ನಿರ್ಧರಿಸಿ ಬೇರು ಅರೆದು ಮಜ್ಜಿಗೆಯಲ್ಲಿ ಕುಡಿಸಿದಳು. ಕುಡಿದದ್ದೆಲ್ಲ ಹೊರಗೆ ಬಂತು. ಅಂದು ಅಡುಗೆಮನೆಯಲ್ಲಿ ನಾನು ಕಂಡ ಜಗಳದಲ್ಲಿ ಯಾರೂ ಧ್ವನಿ ಏರಿಸಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಆಯಿ ಗಂಜಿಯ ಪಾತ್ರೆಯನ್ನು ಒಲೆಯಿಂದ ಇಳಿಸಿ, ಅಂಕೋಲೆಯ ಡಾಕ್ಟರ ಹತ್ತಿರ ಹೋಗಿ ಬರುತ್ತೇನೆ ಅಂದಳು. ಡಾಕ್ಟರ ಹತ್ತಿರ ಹೋದರೆ ಅವರು ಆಸ್ಪತ್ರೆಗೆ ಕಳಿಸುತ್ತಾರೆ ಅಂದಳು ಅಜ್ಜಿ.

"ನನ್ನ ಗಂಡ ನಡ್ಕಂಡೇ ಹೋದವ ಆಸ್ಪತ್ರಿಗೆ. ತಿರುಗಿ ಬರುವಾಗ ನಾಲ್ಕು ಜನ ಹೊತ್ತಿದ್ರು."

"ಅವ್ರು ಹೋಗಿ ಸತ್ರು ಅತ್ತೆ. ಇವ್ರನ್ನ ಇಲ್ಲೇ ಇಟ್ಕಂಡು ಸಾಯಿಸ್ಬೇಕಾ?"

ಅಜ್ಜಿ ಒಲೆಗೆ ಬೇಡದಿದ್ದರೂ ಇನ್ನೊಂದು ಕಟ್ಟಿಗೆ ತುರುಕಿದಳು. ಮರುದಿನ ಬೆಳಿಗ್ಗೆ ಆಯಿ ನನ್ನನ್ನು ಕರೆದುಕೊಂಡು ಹೊರಟಳು. ನನ್ನನ್ನು ಯಾಕೆಂದರೆ, ಡಾಕ್ಟರು ಘಟ್ಟದ ಮೇಲಿನವರು, ಅವರ ಕನ್ನಡ ಪುಸ್ತಕದ್ದು. ನಾನು ಕನ್ನಡ ಶಾಲೆಯವಳು. ರಸ್ತೆಯ ಮೇಲೆ ನೀರು ಬಂದು ಬಸ್ಸಿರಲಿಲ್ಲ. ಆಯಿ ಮುಂದೆ, ನಾನು ಹಿಂದೆ, ಒಂದೇ ಕೊಡೆಯಲ್ಲಿ ಇಬ್ಬರೂ ಒದ್ದೆಯಾಗುತ್ತಾ ನಡೆದೇ ಹೋದೆವು.

ಡಾಕ್ಟರ ಕೋಣೆಯ ಹೊರಗೆ ಅಂಕೋಲೆಯ ಅರ್ಧ ಜನ ಜ್ವರ ಹಿಡಿದು ಕೂತಿದ್ದರು. ನಮ್ಮ ಸರದಿ ಬಂದಾಗ ಡಾಕ್ಟರು ತಲೆ ಎತ್ತದೆ ರೋಗಿ ಎಲ್ಲಿ ಅಂದರು. ಮನೆಯಲ್ಲಿ ಎಂದೆ. ಎಷ್ಟು ದಿನದಿಂದ ಅಂದರು, ಐದು ಎಂದೆ. ಎಲ್ಲಿ ನೋವು ಎಂದು ಕೇಳಿದರು. ಅದಕ್ಕೆ ಆಯಿಯೇ ಉತ್ತರಿಸಿದಳು: ಮೈಗೆ ಸಮ ಇಲ್ಲ. ಮೈ ಅಂದರೆ ಎಲ್ಲಿ ಅಂದರು. ಎಲ್ಲಾ ಕಡೆ ಅಂದಳು. ಹದಿನೈದು ವರ್ಷ ಅತ್ತೆಯ ಕೈಕೆಳಗೆ ಪಳಗಿದ ಸೊಸೆ ಅವಳು. ಗಂಡನ ಜೀವ ಹೋಗುವ ಹೊತ್ತಿನಲ್ಲೂ ಕಾಯಿದೆ ಮುರಿಯಲು ನಾಲಿಗೆ ಹೊರಳಲಿಲ್ಲ. ಡಾಕ್ಟರು ಬರೆಯತೊಡಗಿದರು. ಮಾತ್ರೆಯ ಹೆಸರು, ಎಷ್ಟು ಹೊತ್ತಿಗೆ ಎಷ್ಟು. ಆ ಚೀಟಿಯಲ್ಲಿ ಬರೆಯುತ್ತಿರುವುದು ಬೇರೆ ಯಾರದೋ ರೋಗಕ್ಕೆ ಎಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಚೀಟಿ ಹರಿಯುವ ಸದ್ದು ಕೇಳಿತು. ನಾನು ಲಂಗ ಎತ್ತಿ, ಬಗ್ಗಿ, ಎರಡೂ ಕೈಯಲ್ಲಿ ನನ್ನ ಎರಡೂ ಮೀನಖಂಡವನ್ನು ಹಿಡಿದುಕೊಂಡೆ.

"ಇಲ್ಲಿ. ನಾನು ತುಳ್ದೆ. ಮೀನು ಸತ್ತೋಗ್ಯದೆ."

ಆಯಿ ನನ್ನ ಕೈ ಮೇಲೆ ಫಟ್ಟನೆ ಹೊಡೆದು ಬಿಡಿಸಿದಳು. ಕಲ್ಲಿಗಾಗಿ ಸುತ್ತ ನೋಡಿದಳು. ಗೋಡೆಗೆ ಬಣ್ಣ, ನೆಲಕ್ಕೆ ಸಿಮೆಂಟು, ಮೇಜು ಮರದ್ದು. ಕೊನೆಗೆ ಡಾಕ್ಟರ ಕಾಗದಗಳ ಮೇಲೆ ಭಾರಕ್ಕಿಟ್ಟ ಗುಂಡನೆಯ ವಸ್ತು ಕಂಡಿತು. ನನ್ನ ಕೈ ಎಳೆದು ಅದಕ್ಕೆ ಮುಟ್ಟಿಸಿ, ಕಲ್ಲಿಗೆ ಹೋಗ್ಲಿ, ಕಲ್ಲಿಗೆ ಹೋಗ್ಲಿ ಎಂದು ಗೊಣಗಿದಳು. ಅದು ತಣ್ಣಗಿತ್ತು, ಒಳಗೆ ಒಂದು ಹಸಿರು ಹೂವಿತ್ತು.

ಡಾಕ್ಟರು ಪೆನ್ನು ಕೆಳಗಿಟ್ಟಿದ್ದರು. ನನ್ನ ತಪ್ಪೊಪ್ಪಿಗೆಗೆ ಅವರು ಕವಡೆಯ ಬೆಲೆ ಕೊಡಲಿಲ್ಲ. ಅಲ್ಲಿ ಮುಟ್ಟಿದರೆ ಕೂಗುತ್ತಾರಾ ಎಂದು ಕೇಳಿದರು; ಹೌದೆಂದೆ. ಕಣ್ಣು? ಕೆಂಪಿತ್ತು, ಈಗ ಹಳದಿ. ಗದ್ದೆಯ ನೀರಲ್ಲಿ ನಿಂತಿದ್ದರಾ? ಆಯಿಗೆ ಈಗ ಬಾಯಿ ಬಂತು. ಒಡ್ಡು, ಎರಡು ದಿನ, ತೇಲಿ ಬಂದ ಇಲಿಗಳು, ಎಲ್ಲವನ್ನೂ ಅರ್ಧ ಕೊಂಕಣಿಯಲ್ಲಿ ಹೇಳಿದಳು. ಡಾಕ್ಟರು ಬರೆದ ಚೀಟಿಯನ್ನು ಮುದುಡಿ ಬುಟ್ಟಿಗೆ ಹಾಕಿ ಬೇರೆ ಕಾಗದ ತೆಗೆದುಕೊಂಡರು.

"ಇಲಿ ಜ್ವರ ಇರಬೇಕು. ಇವತ್ತೇ ಕಾರವಾರಕ್ಕೆ ಕರ್ಕೊಂಡು ಹೋಗಿ. ನಾಳೆ ಅನ್ನಬೇಡಿ."

ಕಂಬಳಿಯ ಎರಡು ತುದಿಗೆ ಬಿದಿರು ಕಟ್ಟಿ ಕೇರಿಯವರು ಅಪ್ಪನನ್ನು ರಸ್ತೆಯ ತನಕ ಹೊತ್ತರು. ಬೇಲೆಕೇರಿಯಿಂದ ಮೀನು ಸಾಗಿಸುವ ಟೆಂಪೊ ಮಳೆಗಾಲದ ನಿರುದ್ಯೋಗದಲ್ಲಿ ನಿಂತಿತ್ತು, ಅದನ್ನು ಕರೆಸಿದ್ದರು. ಐದು ದಿನ ಮೀನಿನ ಪಥ್ಯದಲ್ಲಿದ್ದ ಮನುಷ್ಯ ಮೀನಿನ ಬುಟ್ಟಿಗಳ ನಡುವೆ ಮಲಗಿ ಆಸ್ಪತ್ರೆಗೆ ಹೋದ. ಟೆಂಪೊದ ಹಿಂಬಾಗಿಲು ತೆರೆದಾಗ ಬಂದ ವಾಸನೆ ಅಪ್ಪನ ಕಾಲಿನದೇ ಎಂದು ನನಗೆ ಖಾತ್ರಿಯಾಯಿತು. ಆಯಿ ಹತ್ತಿ ಕೂತಳು. ಅಜ್ಜಿ ಮಗನ ತಲೆ ಮುಟ್ಟಿದಳು, ಆಮೇಲೆ ಸೊಸೆಗೆ ಇಷ್ಟೇ ಹೇಳಿದಳು:

"ಬರುವಾಗ ನಡೆಸ್ಕಂಡು ಬಾ."

ಮನೆಯಲ್ಲಿ ಉಳಿದವರು ನಾವಿಬ್ಬರು. ಎರಡು ಚಾಪೆ, ಎರಡು ತಟ್ಟೆ, ಇಳಿಬಿದ್ದ ಹಗ್ಗ. ಸುದ್ದಿ ದಿನಕ್ಕೊಮ್ಮೆ, ಕಾರವಾರಕ್ಕೆ ಹೋಗಿಬರುವ ಎದುರುಮನೆಯ ದೇವು ಕಾಕಾನ ಬಾಯಲ್ಲಿ ಬರುತ್ತಿತ್ತು. ಮೊದಲ ದಿನ, ಸೂಜಿ ಕೊಡುತ್ತಿದ್ದಾರೆ. ಎರಡನೆಯ ದಿನ, ಉಚ್ಚೆ ನಿಂತಿದೆ. ಆ ಮಧ್ಯಾಹ್ನ ಗಂಜಿಯ ಮುಂದೆ ಕೂತವಳು ನಾನು ಅಜ್ಜಿಗೆ ಎಲ್ಲವನ್ನೂ ಹೇಳಿಬಿಟ್ಟೆ: ಜೋಲಿ ಹೊಡೆದದ್ದು, ಕಾಲಿನ ಮೇಲೆ ಹಾರಿದ್ದು, ಕೂಗು, ಡಾಕ್ಟರ ಕೋಣೆಯಲ್ಲಿ ಮುಟ್ಟಿ ತೋರಿಸಿದ್ದು. ಹೊಡೆತಕ್ಕೆ ಕಾದೆ. ನಾನು ತುಳಿದದ್ದು ಅಜ್ಜಿಯ ಲೆಕ್ಕಕ್ಕೇ ಬರಲಿಲ್ಲ.

"ಯಾವ ಕಲ್ಲು ಮುಟ್ಟಿದ್ದು?"

"ಡಾಕ್ಟ್ರ ಮೇಜಿನ ಮೇಲಿಂದು. ಗಾಜಿಂದು. ಒಳಗೆ ಹೂಗು ಇತ್ತು."

"ಗಾಜು ಕಲ್ಲಾ?"

ನನಗೆ ಗೊತ್ತಿರಲಿಲ್ಲ. ಅಜ್ಜಿಯ ಮುಖ ನೋಡಿದ ಮೇಲೆ ಗೊತ್ತಾಯಿತು. ಗಂಜಿಯ ಕೈಯಲ್ಲೇ ನನ್ನನ್ನು ಎಳೆದುಕೊಂಡು ಮಳೆಯಲ್ಲಿ ಅಂಗಳ ದಾಟಿ ಒಗೆಯುವ ಕಲ್ಲಿಗೆ ನನ್ನ ಎರಡೂ ಕೈ ಒತ್ತಿಹಿಡಿದಳು. ಆದರೆ ಅದು ತಕ್ಷಣ ಆಗಬೇಕಾದ ಕೆಲಸ, ಎರಡು ದಿನ ತಡೆದು ಆಗುವುದಲ್ಲ ಎಂಬುದು ಕಾಯಿದೆ ಮಾಡಿದವಳಿಗೇ ತಿಳಿಯದೆ? ಅಂದಿನಿಂದ ಬೆಳಿಗ್ಗೆ ಎದ್ದೊಡನೆ ನನ್ನ ಲಂಗ ಸರಿಸಿ ಮೀನಖಂಡ ಒತ್ತಿ ನೋಡುವುದು ಅವಳ ಮೊದಲ ಕೆಲಸವಾಯಿತು. ನೋಯ್ತದ್ಯಾ ಎಂದು ಕೇಳುತ್ತಿರಲಿಲ್ಲ, ಕೇಳಿದರೆ ಕರೆದಂತೆ. ನನ್ನ ಮುಖ ನೋಡುತ್ತಿದ್ದಳು. ನಾನು ಮುಖವನ್ನು ಕಲ್ಲಿನ ಹಾಗೆ ಇಟ್ಟುಕೊಳ್ಳಲು ಕಲಿತೆ. ಅಂಕೋಲೆಗೆ ಹೋಗಿಬಂದ ನಡಿಗೆಯಿಂದಲೋ, ಹೆದರಿಕೆಯಿಂದಲೋ, ನಾಲ್ಕನೆಯ ಬೆಳಿಗ್ಗೆ ಅವಳ ಹೆಬ್ಬೆರಳು ಇಳಿದಾಗ ನನ್ನ ಕಾಲಲ್ಲಿ ಸಳಕ್ಕೆಂದಿತು. ಮುಖ ತಪ್ಪಿತು. ಅಜ್ಜಿ ಕೈ ತೆಗೆದಳು.

ಅದೇ ದಿನ ದೇವು ಕಾಕಾ ಬಂದು ಕೊಡೆ ಮಡಚದೆ ಅಂಗಳದಲ್ಲೇ ನಿಂತು ಹೇಳಿದ: ಎಚ್ಚರ ಇಲ್ಲ, ಏನು ಹೇಳ್ಬೇಕಾದ್ರೂ ಎರಡು ದಿನ ಹೋಗ್ಬೇಕು ಅಂತಾರೆ ಡಾಕ್ಟ್ರು. ಅವನು ಹೋದ ಮೇಲೆ ಅಜ್ಜಿ ತಲೆಗೆ ನೀರು ಹಾಕಿಕೊಂಡಳು. ದೇವರ ಮೂಲೆಗೆ ಹೋಗುತ್ತಾಳೆ ಅಂದುಕೊಂಡೆ. ಅವಳು ಅಂಗಳಕ್ಕೆ ಇಳಿದಳು. ಮಳೆ ಸಣ್ಣಗೆ ಹನಿಯುತ್ತಿತ್ತು. ಒಗೆಯುವ ಕಲ್ಲಿನ ಮೇಲೆ, ಬಟ್ಟೆ ಹಾಕುವ ಜಾಗದಲ್ಲಿ, ಅವಳು ತಾನೇ ಹತ್ತಿ ಕೂತಳು. ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎಳೆದುಕೊಂಡಳು. ಅಜ್ಜಿಯ ಮೀನಖಂಡ ಎಂದರೆ ಒಣಮೀನು. ಎಲುಬಿಗೆ ಅಂಟಿಕೊಂಡ ಕಪ್ಪು ಚರ್ಮ. ಅದರ ಮೇಲೆ ಅಂಗೈಯಿಂದ ಬಡಿದಳು, ಮತ್ತೆ ಬಡಿದಳು. ಯಾರ ಎದುರು ಮಾತಾಡುತ್ತಿದ್ದಾಳೆಂದು ನನಗೆ ತಿಳಿಯಲಿಲ್ಲ. ಕೂಲಿಯವರಿಗೆ ಗದ್ದೆಯ ಗಡಿ ತೋರಿಸುವ ಧ್ವನಿಯಲ್ಲೇ ಮಾತಾಡಿದಳು.

"ಇಲ್ಲಿ. ಮಗನ ಕಾಲಲ್ಲಿ ಅಲ್ಲ, ಕೂಸಿನ ಕಾಲಲ್ಲೂ ಅಲ್ಲ. ಇಲ್ಲಿ ಅದೆ ನೋವು. ಮೀನಖಂಡ ಅಂತಾರೆ ಇದ್ಕೆ. ಹೆಸ್ರು ಹೇಳ್ದೆ, ಜಾಗಾ ತೋರ್ಸ್ದೆ. ಇನ್ನೆಂತಾ ಬೇಕು ನಿಂಗೆ?"

ಇನ್ನೊಮ್ಮೆ ಬಡಿದಳು. ಏನೋ ನೆನಪಾದವಳಂತೆ ತಲೆಯನ್ನು ಕಾರವಾರದ ದಿಕ್ಕಿಗೆ ತಿರುಗಿಸಿದಳು.

"ಆ ಬದಿಗೆ ಪೋಟ್ರಿ ಅಂತಾರಂತೆ. ಅದೂ ಇದೇಯಾ. ಇಲ್ಲೇ."

ಅವಳ ಬಾಯಲ್ಲಿ ಆ ಶಬ್ದವನ್ನು ನಾನು ಕೇಳಿದ್ದು ಅದೊಂದೇ ಸಲ. ನೋವು ಹೋಗಿ ಸೇರಿದ ಊರಿನಲ್ಲಿ ಅದು ಯಾವ ಭಾಷೆ ಕಲಿತಿದೆಯೋ ಎಂಬ ಅನುಮಾನಕ್ಕೆ ಅವಳು ಅವಕಾಶ ಬಿಡಲಿಲ್ಲ. ಕತ್ತಲಾಗುವ ಮೊದಲು ಎದ್ದು ಒಳಗೆ ಬಂದು ಒಲೆ ಹಚ್ಚಿದಳು. ಎಡಗಾಲು ಎಳೆಯುತ್ತಿದ್ದಳು.

ಅದಾದ ಮೂರನೆಯ ದಿನ ಅಪ್ಪನಿಗೆ ಎಚ್ಚರವಾಯಿತು. ಸೂಜಿಯ ಔಷಧ ಕೆಲಸ ಮಾಡಿತು. ವಿಜ್ಞಾನದ ಅಧ್ಯಾಪಕಿಯಾಗಿ ನಾನು ಇದನ್ನು ಬರೆದುಕೊಡಬಲ್ಲೆ, ಸಹಿ ಮಾಡಬಲ್ಲೆ. ಅಜ್ಜಿ ಬದುಕಿದ್ದಷ್ಟು ವರ್ಷ ಎಡಗಾಲನ್ನು ಎಳೆದೇ ನಡೆದಳು. ಅದು ಕೀಲಿನ ಸವೆತವೆಂದು ಮುಂದೊಮ್ಮೆ ಒಬ್ಬ ಡಾಕ್ಟರು ಹೇಳಿದರು. ಅದನ್ನೂ ಒಪ್ಪಿದ್ದೇನೆ. ತರಗತಿಯಲ್ಲಿ ಸ್ನಾಯುಗಳ ಪಾಠ ಬಂದಾಗಲೆಲ್ಲ ನಾನು ಪಟವನ್ನು ಬಿಟ್ಟು ನನ್ನ ಕಾಲನ್ನೇ ಮುಟ್ಟಿ ತೋರಿಸುತ್ತಿದ್ದೆ. ನೋವು ಎಲ್ಲಿದೆಯೋ ಅಲ್ಲಿಗೆ ಬೆರಳಿಡಲು ಹಿಂಜರಿಯಬಾರದು, ಹೆಸರು ಹಿಡಿದೇ ಹೇಳಬೇಕು ಎಂದು ಮಕ್ಕಳಿಗೆ ಉಪದೇಶ ಮಾಡುತ್ತಿದ್ದೆ. ಆ ಶಾಲೆಯ ಕಟ್ಟಡ ಹಳೆಯದು, ಕರಿಹಲಗೆಯ ಕೆಳಗೆ ಗಾರೆ ಉದುರಿ ಒಂದು ಕಲ್ಲು ಕಾಣುತ್ತಿತ್ತು. ಪಾಠ ಮುಗಿದ ಮೇಲೆ ಸೀಮೆಸುಣ್ಣದ ಕೈಯನ್ನು ಅದಕ್ಕೆ ಒರೆಸುವುದು ನನ್ನ ಅಭ್ಯಾಸವೆಂದು ಮಕ್ಕಳು ತಿಳಿದಿದ್ದರು.

ಆಸ್ಪತ್ರೆ ಸೇರಿದ ಮೂರು ವಾರಕ್ಕೆ ಅಪ್ಪ ಮನೆಗೆ ಬಂದ. ಬಸ್ಸಿನಿಂದ ಇಳಿದು, ಆಯಿಯ ಹೆಗಲ ಮೇಲೆ ಒಂದು ಕೈ ಇಟ್ಟು, ನಾಲ್ಕು ಕಡೆ ನಿಂತು ಕೂತು, ಆದರೆ ನಡೆದೇ ಬಂದ. ಅಜ್ಜಿ ಬಾಗಿಲಲ್ಲಿ ನಿಂತು ಅವನ ಕಾಲನ್ನು ಮೊದಲು ನೋಡಿದಳು, ಮುಖವನ್ನು ಆಮೇಲೆ. ಅಂದು ಒಣಮೀನಿನ ಗಡಿಗೆ ಹಿತ್ತಲಿನಿಂದ ಒಳಗೆ ಬಂತು. ಸಂಜೆ ಅಪ್ಪ ಬಿಸಿನೀರಿನಲ್ಲಿ ಮಿಂದು, ಜಗಲಿಯ ಮೇಲೆ ಚಾಪೆ ಹಾಕಿಸಿಕೊಂಡು ಬೋರಲಾದ. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಅವನು ಕರೆದ. ನಾನು ಬರುವುದಿಲ್ಲ ಎಂದೆ. ಯಾಕೆ ಅಂದ. ಭಾರ ಆಗಿದ್ದೇನೆ ಎಂದೆ. ಆಸ್ಪತ್ರೆಯಲ್ಲಿ ಅವನಿಗೆ ಆಯಿ ಏನೇನು ಹೇಳಿದ್ದಳೋ, ಅವನು ಎರಡೂ ಕಾಲನ್ನು ಇನ್ನಷ್ಟು ಚಾಚಿದ. ಆಮೇಲೆ, ಬಾ, ಈಗ ಕೂಗುದಿಲ್ಲ ಅಂದ.

ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಮೈಯ ಭಾರವನ್ನೆಲ್ಲ ಅದಕ್ಕೇ ಕೊಟ್ಟು, ನಾನು ಅಪ್ಪನ ಕಾಲಿನ ಮೇಲೆ ಪಾದ ಇಟ್ಟೆ. ಹಿಮ್ಮಡಿಯಿಂದ ಮೇಲೆ ಬಂದೆ. ಅಂಗಾಲಿಗೆ ಎಲುಬು ಸಿಕ್ಕಿತು, ಎಲುಬಿನ ಪಕ್ಕ ಸಡಿಲಾದ ಚರ್ಮ, ನೀರಿಳಿದ ಗಜನಿಯ ಮೆತ್ತನೆಯ ಕೆಸರಿನ ಹಾಗೆ. ಅಪ್ಪ ಪಾದವನ್ನು ಮಿಸುಕಿಸಿದ. ನನ್ನ ಕಾಲಡಿಯಲ್ಲಿ ಏನೂ ಜಾರಲಿಲ್ಲ. ಇನ್ನೊಂದು ಕಾಲಿನಿಂದ ಹುಡುಕಿದೆ, ಅಲ್ಲೂ ಇರಲಿಲ್ಲ.

"ತಂಗಿ, ಮೀನು ಅದ್ಯಾ?"

ಜಗಲಿಯ ಗೋಡೆಗೆ ಒರಗಿ, ಎಡಗಾಲನ್ನು ಮುಂದೆ ಚಾಚಿ, ಅಜ್ಜಿ ಕೂತಿದ್ದಳು. ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಮುಖವನ್ನು ಕಲ್ಲಿನ ಹಾಗೆ ಇಟ್ಟುಕೊಂಡೆ.

"ಅದೆ ಅಪ್ಪ. ಓಡಿಹೋಗ್ತದೆ. ಹಿಡಿಯುಕೆ ಆಗ್ತಿಲ್ಲ."

ಅಜ್ಜಿ ತನ್ನ ಕಾಲನ್ನು ನೀವಿಕೊಂಡಳು.

"ಬಿಡು ಮಗಾ. ಸಣ್ಣದದೆ. ದೊಡ್ಡದಾಗ್ಲಿ."

ನಾನು ಹಗ್ಗ ಹಿಡಿದೇ ಮೆಲ್ಲಗೆ ಕೆಳಗಿಳಿದೆ.